ಒಂದು ಸೂರ್ಯನಷ್ಟು ಪಕ್ಕಕ್ಕೆ

12 ಫೆಬ್ರವರಿ

ಗಡಿಯಾರಮ್ಮನಿಗೆ,

ಮೊನ್ನೆ ಬೆಳಗಿನ ಜಾವ ಮೂರು ಹತ್ತು. ಗಿಣಿಯ ಕತ್ತು ಹಿಸುಕಿದ ಹಾಗೆ ಫೋನು ಮೂರು ಸಲ ಕೂಗಿತು. ನಿದ್ದೆಗಣ್ಣಿನಲ್ಲಿ ಮಗಳೇ ಕಿರುಚಿದಳು ಅನ್ನಿಸಿ, ಕಣ್ಣು ಬಿಡುವ ಮೊದಲೇ ಎದೆಹಾಲು ಇಳಿದು ಅಂಗಿ ಒದ್ದೆಯಾಯಿತು. ನೋಡಿದರೆ ಮಗಳು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಕೂಗಿದ್ದು ನಮ್ಮ ಬಾಹ್ಯಾಕಾಶ ನೌಕೆ.

ರಜೆ ಮುಗಿಸಿ ಕೆಲಸಕ್ಕೆ ಬಂದ ಮೇಲೆ ನನ್ನ ಪಾಳಿಯಲ್ಲಿ ಸಿಕ್ಕ ಮೊದಲ ಗಾಮಾ ಸ್ಫೋಟ ಇದು. ಸೆಕೆಂಡಿಗೆ ನಾನೂರರ ಆಸುಪಾಸಿನಲ್ಲಿ ತೂಕಡಿಸುತ್ತಿದ್ದ ಕಿರಣಗಳ ಎಣಿಕೆ ಒಮ್ಮೆಲೇ ಒಂಬತ್ತು ಸಾವಿರಕ್ಕೆ ಏರಿದೆ. ಹತ್ತೊಂಬತ್ತು ಸೆಕೆಂಡು ಕುಣಿದು, ಮತ್ತೆ ಏನೂ ಆಗಿಲ್ಲವೆಂಬಂತೆ ನಾನೂರು. ಎಷ್ಟೋ ನೂರು ಕೋಟಿ ವರ್ಷದ ಹಿಂದೆ ಯಾವುದೋ ನಕ್ಷತ್ರ ಸತ್ತದ್ದರ ಸುದ್ದಿ, ನಮ್ಮ ಮಲಗುವ ಕೋಣೆಗೆ, ಒಣಗಲು ಹಾಕಿದ ಮಗುವಿನ ಬಟ್ಟೆಗಳ ನಡುವೆ.

ಅತ್ತೆ ಎದ್ದು ಬಂದರು. "ಆಕಾಶದಲ್ಲಿ ಏನೋ ಸಿಡಿದರೆ ನೀನ್ಯಾಕೆ ಏಳಬೇಕು? ಅದರ ಮನೆಯವರು ನೋಡ್ಕೊಳ್ಳಲಿ" ಅಂದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಲೆಕ್ಕ ಮಾಡುತ್ತಲೇ ಅವರಿಗೆ ವಿವರಿಸಿದೆ. ಬೀದಿಯಲ್ಲಿ ಎಲ್ಲೋ ಒಂದು ಟೈರು ಸಿಡಿಯುತ್ತದೆ. ಈ ತುದಿಯ ಮನೆಗೆ ಸದ್ದು ಮೊದಲು ಕೇಳಿಸುತ್ತದೆ, ಆ ತುದಿಯ ಮನೆಗೆ ಸ್ವಲ್ಪ ತಡವಾಗಿ. ಎಷ್ಟು ತಡ ಅಂತ ಗೊತ್ತಾದರೆ ಸಿಡಿದದ್ದು ಯಾವ ಕಡೆ ಅಂತ ಹೇಳಬಹುದು. ಹಾಗೇ ಭೂಮಿಯ ಹತ್ತಿರ ನಮ್ಮ ನೌಕೆ, ಮೂರು ಕೋಟಿ ಕಿಲೋಮೀಟರ್ ಆಚೆ ಇನ್ನೊಬ್ಬರ ನೌಕೆ. ಎರಡಕ್ಕೂ ಕಿರಣ ತಲುಪಿದ ಹೊತ್ತಿನ ವ್ಯತ್ಯಾಸದಿಂದ ಆಕಾಶದ ಮೇಲೊಂದು ಬಳೆ ಬರೆಯುತ್ತೇವೆ. ಸ್ಫೋಟ ಆ ಬಳೆಯ ಮೇಲೆ ಎಲ್ಲೋ ಇರಬೇಕು.

ಅತ್ತೆ ಆಕಳಿಸಿ ಕೇಳಿದರು: "ಸರಿ, ಎರಡು ಮನೆಯ ಗಡಿಯಾರವೂ ನೆಟ್ಟಗಿರಬೇಕಲ್ಲ?"

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಹದಿನಾಲ್ಕು ತಿಂಗಳಾದ ಮೇಲೆ. ನಾಲ್ಕು ನಲವತ್ತಕ್ಕೆ ಬಳೆಯ ವಿವರ ಎಲ್ಲರಿಗೂ ಕಳಿಸಿದೆ. ಬೇರೆ ಬೇರೆ ಕಡೆಯ ಹನ್ನೊಂದು ದೂರದರ್ಶಕಗಳು ಅದರ ಮೇಲೆ ಹುಡುಕಿದವು. ಸ್ಫೋಟ ಆರಿದ ಮೇಲೆ ಉಳಿಯುವ ಮಂಕು ಹೊಳಪು ಯಾರಿಗೂ ಸಿಕ್ಕಿಲ್ಲ. ಆ ರಾತ್ರಿ ನಿಮ್ಮ ಆಂಟೆನಾ ಕೇಂದ್ರದಲ್ಲಿ ನೌಕೆಯ ಗಡಿಯಾರ ಎಷ್ಟು ತೋರಿಸಿತು, ಇನ್ನೊಮ್ಮೆ ನೋಡಿ ಹೇಳುತ್ತೀಯಾ? ಕಚೇರಿಯ ಮಿಂಚಂಚೆಯಲ್ಲಿ ಕೇಳಲು ಧೈರ್ಯವಾಗಲಿಲ್ಲ, ಯಾರ್ಯಾರು ಓದುತ್ತಾರೋ. ವಾರಕ್ಕೆರಡು ಸಲ ನಿಮ್ಮಲ್ಲಿಗೆ ಬರುವ ವ್ಯಾನಿನ ಚಾಲಕರ ಕೈಲಿ ಇದನ್ನು ಕೊಟ್ಟಿದ್ದೇನೆ.

ಮಗಳಿಗೆ ನಾಲ್ಕು ಹಲ್ಲು ಬಂದಿವೆ. ನೀನು ಅವಳನ್ನು ನೋಡೇ ಇಲ್ಲ.

ನಿನ್ನ
ಗೂಬೆ


17 ಫೆಬ್ರವರಿ

ಗೂಬೆ,

ನೀನು ಮೂರು ಸಲ ಫೋನ್ ಮಾಡಿದ್ದು ನೋಡಿದೆ. ಎತ್ತಲಿಲ್ಲ, ಎತ್ತುವುದೂ ಇಲ್ಲ. ಹೇಳುವುದಿದ್ದರೆ ಬರೆ.

ಆ ರಾತ್ರಿ ಒಂದು ಐವತ್ತೆರಡಕ್ಕೆ ನೌಕೆ ನಮ್ಮ ತಲೆಯ ಮೇಲೆ ಹಾದುಹೋಯಿತು. ಅದರ ಗಡಿಯಾರ ನಾಲ್ಕು ಹತ್ತಾಂಶ ಸೆಕೆಂಡು ಮುಂದಿತ್ತು. ನಾನು ಓದಿದೆ, ಪಾಳಿಯ ಇಂಜಿನಿಯರ್ ಓದಿದರು, ಇಬ್ಬರೂ ರುಜು ಹಾಕಿದೆವು. ಕಳೆದ ಸಲದಿಂದ ನಾನು ಒಬ್ಬಳೇ ಏನನ್ನೂ ಓದುವುದಿಲ್ಲ.

ಗಡಿಯಾರದ ಅಂಕಿ ಸರಿ ಇದೆ. ಉಳಿದದ್ದನ್ನು ನೀನು ನೋಡಿಕೊ.

ನಾಲ್ಕೂ ಮುಂದಿನ ಹಲ್ಲೇ?

— ಗಡಿಯಾರ


3 ಮಾರ್ಚ್

ಗಡಿಯಾರಮ್ಮ,

ಹೌದು, ಮೇಲೆರಡು ಕೆಳಗೆರಡು. ಕಚ್ಚುತ್ತಾಳೆ.

ಬರೆಯಲು ತಡವಾಯಿತು. ಮನೆಯವರ ರೈಲಿನ ಪಾಳಿ ಬದಲಾಗಿದೆ, ಈಗ ವಾರದಲ್ಲಿ ನಾಲ್ಕು ರಾತ್ರಿ ಗಾರ್ಡ್ ಡಬ್ಬಿಯಲ್ಲೇ ಕಳೆಯುತ್ತಾರೆ. ನಾನು ಮಲಗುವುದು ಒಂದೊಂದೇ ತುಣುಕು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಮೊನ್ನೆ ಹಾಲಿನ ಬಾಟಲಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟು, ಫೋನನ್ನು ಕುದಿಯುವ ನೀರಿಗೆ ಹಾಕಲು ಹೊರಟಿದ್ದೆ. ಅತ್ತೆ ಕೈ ಹಿಡಿದುಕೊಂಡರು. "ಫೋನಿಗೆ ಅಷ್ಟು ಮಡಿ ಬೇಡ" ಅಂದರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ಮುಖ್ಯವಾದದ್ದನ್ನು ಬರೆಯಲು ಕೈ ಬರುತ್ತಿಲ್ಲ. ನಮ್ಮ ಮುಖ್ಯಸ್ಥರು, ಅದೇ ನಿನ್ನ ಗುರುಗ್ರಹ, ನಿನ್ನೆ ಸಭೆ ಕರೆದಿದ್ದರು. "ಎರಡನೇ ಸಲ. ಬಳೆ ಬರೆದಲ್ಲಿ ಏನೂ ಇಲ್ಲ. ಆಗಲೂ ಅದೇ ಕೈಯ ಗಡಿಯಾರ, ಈಗಲೂ ಅದೇ ಕೈ" ಅಂದರು. ಕೋಣೆಯಲ್ಲಿ ಏಳು ಜನ. ನಾನು ಬಾಯಿ ತೆರೆಯಬೇಕು ಅಂದುಕೊಂಡೆ. ಇಬ್ಬರು ಓದಿ ರುಜು ಹಾಕಿದ್ದಾರೆ ಸಾರ್, ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಮನೆಯಿಂದ ಫೋನು, ಮಗಳ ಮೈ ಸುಡುತ್ತಿದೆ ಅಂತ. ಎದ್ದು ಓಡಿದೆ.

ಜ್ವರ ನಿಜವೇ. ಆದರೆ ಎದ್ದು ಹೋಗುವಾಗ ನನಗೆ ಹಗುರವೂ ಆಯಿತು. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಈಗ ನೂರಾ ಮೂರು. ಒದ್ದೆ ಬಟ್ಟೆ ಬದಲಾಯಿಸುತ್ತಾ ಕೂತಿದ್ದೇನೆ.

ಗೂಬೆ


6 ಮಾರ್ಚ್

ಜ್ವರ ಇಳಿಯಿತೇ? ಮೊದಲು ಅದನ್ನು ಬರೆ, ಆಮೇಲೆ ಇದನ್ನು ಓದು.

ನಿನಗೆ ಮರೆತಿರಬಹುದು, ನಾನು ಮರೆತಿಲ್ಲ. ಆಗ ನೀನು ಎಂಟು ತಿಂಗಳ ಬಸುರಿ. ನೀನು ಬರೆದ ಬಳೆ ತಪ್ಪಿತು. ಎರಡು ದಿನದ ಮೇಲೆ ಮೂರನೆಯ ನೌಕೆಯೊಂದರ ಲೆಕ್ಕ ಬಂದು ಸ್ಫೋಟ ಬೇರೆ ಕಡೆ ಎಂದು ತಿಳಿಯಿತು. ಗುರುಗ್ರಹ ನನ್ನನ್ನು ನಿಲ್ಲಿಸಿ ಕೇಳಿದರು. ನಾನು ಹೇಳಿದೆ: ಗಡಿಯಾರ ಸರಿ ಇದೆ, ಆದರೆ ಅಂಕಿ ಕೊಡುವ ಕ್ರಮವನ್ನು ಆ ತಿಂಗಳಿಂದ ಬದಲಾಯಿಸಿದ್ದೇವೆ, ಎಲ್ಲರಿಗೂ ಸುತ್ತೋಲೆ ಕಳಿಸಿದ್ದೇನೆ, ಅದನ್ನು ನೋಡಿಯೇ ಲೆಕ್ಕ ಹಾಕಿದ್ದಾರಾ ಕೇಳಿ ಅಂತ. ಅವರು ನಿನ್ನ ಕಡೆ ತಿರುಗಿದರು. ನೀನು "ನೆನಪಿಲ್ಲ ಸಾರ್" ಅಂದೆ.

ಓದಿದ್ದೇನೆ ಅಂದಿದ್ದರೆ ಒಂದು. ಓದಿಲ್ಲ ಅಂದಿದ್ದರೆ ಇನ್ನೊಂದು. ನೆನಪಿಲ್ಲ ಅಂದೆ. ಆ ಒಂದು ಮಾತಿಗೆ ನನ್ನನ್ನು ಈ ಆಂಟೆನಾ ಕೇಂದ್ರಕ್ಕೆ ಕಳಿಸಿದರು. ಗಡಿಯಾರ ಕಣ್ಣೆದುರೇ ಇದ್ದರೆ ತಪ್ಪಾಗಲಿಕ್ಕಿಲ್ಲ ಅಂತ ತಮಾಷೆ ಬೇರೆ.

ಈಗ ಕಾಗದ ಬಂದಿದೆ. ಕಾಲಮಾಪನದ ಕೆಲಸದಲ್ಲಿ ಎರಡು ಸಲ ನನ್ನಿಂದ ಲೋಪವಾಗಿದೆ ಎಂದು ಒಪ್ಪಿ, ನಾನೇ ಇಷ್ಟಪಟ್ಟು ಉಗ್ರಾಣಕ್ಕೆ ವರ್ಗ ಕೇಳಿಕೊಳ್ಳಬೇಕು. ಒಪ್ಪದಿದ್ದರೆ ವಿಚಾರಣೆ. ನನಗೆ ಸಾಕಾಗಿದೆ ಕಣೇ. ಉಗ್ರಾಣದಲ್ಲಿ ಬೋಲ್ಟು ನಟ್ಟು ಎಣಿಸುತ್ತೇನೆ. ಅವು ಮುಂದೆ ಓಡುವುದಿಲ್ಲ, ಹಿಂದೆ ಬೀಳುವುದಿಲ್ಲ.

ಮಗುವಿನ ಅಂಗಾಲಿಗೆ ತಣ್ಣೀರು ಬೇಡ, ಉಗುರುಬೆಚ್ಚಗಿರಲಿ.

— ಗಡಿಯಾರ


13 ಮಾರ್ಚ್

ಜ್ವರ ಇಳಿಯಿತು. ಐದನೆಯ ದಿನ ಬೆವರಿ, ನಕ್ಕು, ಡಾಕ್ಟರ ಕನ್ನಡಕ ಕಿತ್ತಳು. "ಇನ್ನು ನೀವು ಮಲಗಿ, ನಿಮ್ಮ ಮುಖ ನೋಡಿದರೆ ರೋಗಿ ಯಾರು ಅಂತಲೇ ಗೊತ್ತಾಗಲ್ಲ" ಅಂದರು ಡಾಕ್ಟರು. ಮಲಗಲಿಲ್ಲ. ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ.

ಸಹಿ ಹಾಕಬೇಡ. ನನಗೆ ಸ್ವಲ್ಪ ದಿನ ಕೊಡು.

ಗೂಬೆ


20 ಮಾರ್ಚ್

ಜ್ವರ ಇಳಿದದ್ದು ಓದಿ ಸಮಾಧಾನವಾಯಿತು.

ಸ್ವಲ್ಪ ದಿನ ಕೊಡಲು ನನ್ನ ಹತ್ತಿರ ಇಲ್ಲ. 27ಕ್ಕೆ ಬೆಳಗ್ಗೆ ಒಂಬತ್ತಕ್ಕೆ ಆಡಳಿತಾಧಿಕಾರಿ ಇಲ್ಲಿಗೇ ಬರುತ್ತಾರೆ. ಸಹಿ ಹಾಕುತ್ತೇನೆ.

— ಗಡಿಯಾರ


26 ಮಾರ್ಚ್, ಸಂಜೆ ನಾಲ್ಕೂವರೆ

ನನ್ನ ಗಡಿಯಾರಮ್ಮ,

ಗಡಿಯಾರ ಸರಿ ಇತ್ತು. ಆಗಲೂ ಸರಿ, ಈಗಲೂ ಸರಿ. ತಪ್ಪು ನನ್ನದು, ಎರಡು ಸಲವೂ. ವ್ಯಾನು ಆರಕ್ಕೆ ಹೊರಡುತ್ತದೆ, ಅಷ್ಟರೊಳಗೆ ಎಲ್ಲವನ್ನೂ ಬರೆದು ಮುಗಿಸಬೇಕು. ಕ್ರಮ ತಪ್ಪಿದರೆ ಬೈದುಕೊಂಡು ಓದು.

ಮಗಳು ಮಲಗಿದ ಮೇಲೆ ದಿನಾ ಕೂತು ಕಂಪ್ಯೂಟರಿನಲ್ಲಿರುವ ನನ್ನ ಲೆಕ್ಕದ ಹಾಳೆಯನ್ನು ಸಾಲು ಸಾಲಾಗಿ ನೋಡಿದೆ. ಎಲ್ಲವೂ ನೆಟ್ಟಗೇ ಕಾಣುತ್ತಿತ್ತು. ನಮ್ಮದೇ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡ ಹಾಗೆ, ಅಭ್ಯಾಸವಾದದ್ದರಲ್ಲಿ ಕೊರತೆ ಕಾಣುವುದಿಲ್ಲ. ಒಂದು ವಿಷಯ ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ನಾನು ರಜೆಯಲ್ಲಿದ್ದಾಗ ನನ್ನ ಕೆಲಸ ಮಾಡಿದ ಸಹೋದ್ಯೋಗಿ ತನ್ನದೇ ಹಾಳೆಯಲ್ಲಿ ಲೆಕ್ಕ ಹಾಕಿದ್ದ. ಆ ಹದಿಮೂರು ತಿಂಗಳಲ್ಲಿ ಇಪ್ಪತ್ತಾರು ಸ್ಫೋಟ. ಒಂದು ಬಳೆಯೂ ತಪ್ಪಿಲ್ಲ. ಗಡಿಯಾರದ ಅಂಕಿ ಕೊಟ್ಟವಳು ಆಗಲೂ ನೀನೇ. ನಾನು ಮರಳಿ ಬಂದೆ, ತಪ್ಪೂ ನನ್ನ ಜೊತೆಗೇ ಮರಳಿ ಬಂತು.

ಇಷ್ಟು ಹೊಳೆದ ಮೇಲೂ ಏನು ತಪ್ಪು ಅಂತ ಕಾಣಲಿಲ್ಲ, ನೀನು ಬರೆದ ಆ ಸುತ್ತೋಲೆ ತೆಗೆದು ನೋಡಲು ಇನ್ನೂ ಭಯ. 21ರ ಮಧ್ಯಾಹ್ನ ಸೂರ್ಯನ ಮೇಲೊಂದು ದೊಡ್ಡ ಜ್ವಾಲೆ ಎದ್ದಿತು. ನಮ್ಮ ನೌಕೆಯೂ ಕೂಗಿತು, ದೂರದ ನೌಕೆಯೂ ಕೂಗಿತು. ಬೇರೆ ದಿನವಾಗಿದ್ದರೆ "ಥೂ, ಸೂರ್ಯ" ಅಂತ ಪಕ್ಕಕ್ಕೆ ತಳ್ಳುತ್ತಿದ್ದೆ. ನಾವು ಹುಡುಕುವುದು ದೂರದ್ದನ್ನು, ಸೂರ್ಯ ಬರೀ ಕಾಟ. ಅವತ್ತು ತಳ್ಳಲಿಲ್ಲ. ಗಾಮಾ ಸ್ಫೋಟ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಆದರೆ ಸೂರ್ಯ ಎಲ್ಲಿದ್ದಾನೆ ಅಂತ ಅತ್ತೆಗೂ ಗೊತ್ತು. ಸೂರ್ಯ ನಮಗೆ ಹತ್ತಿರದವನು, ಆ ಮಟ್ಟಿಗೆ ಲೆಕ್ಕ ಸರಿಪಡಿಸಿಕೊಂಡು ನನ್ನ ಹಾಳೆಗೆ ಕೊಟ್ಟೆ. ಬಳೆ ಬರೆಯಿತು. ಸೂರ್ಯನ ಮೇಲಲ್ಲ, ಪಕ್ಕದಲ್ಲಿ. ಸರಿಯಾಗಿ ಒಂದು ಸೂರ್ಯನಷ್ಟು ಪಕ್ಕಕ್ಕೆ.

ನಿನ್ನ ಅಂಕಿಯನ್ನು ನಾನು ಕೂಡುತ್ತಿದ್ದೆ. ಆ ಜಾಗದಲ್ಲಿ ಕಳೆದು ನೋಡಿದೆ. ಬಳೆ ಸೂರ್ಯನ ನಡು ಹೊಟ್ಟೆಯ ಮೇಲೆ ಹಾದುಹೋಯಿತು.

ಜೋರಾಗಿ ಕಿರುಚಿದೆನಂತೆ. ಮಗಳು ಬೆಚ್ಚಿ ಅತ್ತಳು. ಅತ್ತೆ ಅಡುಗೆಮನೆಯಿಂದ "ಏನು ಮತ್ತೆ ಸಿಡಿಯಿತಾ?" ಅಂತ ಕೇಳಿದರು. "ಇಲ್ಲ ಅತ್ತೆ, ನಾನೇ" ಅಂದೆ.

ಮರುದಿನ ಕಚೇರಿಯ ಬೀರು ತೆಗೆಸಿ ಸುತ್ತೋಲೆ ಪುಸ್ತಕ ನೋಡಿದೆ. ನಿನ್ನ ಸುತ್ತೋಲೆ ಅಲ್ಲೇ ಇದೆ, ನಿನ್ನ ದುಂಡಗಿನ ಅಕ್ಷರ: "ಇದುವರೆಗೆ ಎಷ್ಟು ಕೂಡಬೇಕೆಂದು ಕೊಡುತ್ತಿದ್ದೆವು. ಒಂದನೇ ತಾರೀಖಿನಿಂದ ನೌಕೆಯ ಗಡಿಯಾರ ಎಷ್ಟು ಮುಂದಿದೆ ಎಂದು ಕೊಡುತ್ತೇವೆ. ಮುಂದಿರುವಷ್ಟನ್ನು ಕಳೆಯಿರಿ." ಕೆಳಗೆ ಓದಿದವರ ಸಹಿ. ಮೂರನೆಯದು ನನ್ನದು. ತಾರೀಖು ನೋಡಿದೆ. ಅವತ್ತು ಸ್ಕ್ಯಾನಿಂಗ್ ಇತ್ತು. ಮಗುವಿನ ಎದೆಬಡಿತ ನಿಧಾನ ಅಂತ ಹಿಂದಿನ ದಿನ ಹೇಳಿದ್ದರು, ಆಸ್ಪತ್ರೆಗೆ ಹೋಗುವ ಮುನ್ನ ಬಾಗಿಲಲ್ಲಿ ನಿಂತೇ ಸಹಿ ಗೀಚಿದ್ದೆ. ಇದು ಸಬೂಬಲ್ಲ. ಓದಿರಲಿಲ್ಲ, ಅಷ್ಟೇ.

ಗುರುಗ್ರಹ ಕೇಳಿದಾಗ ನನಗೆ ನಿಜಕ್ಕೂ ನೆನಪಿರಲಿಲ್ಲವೇ? ಇದನ್ನು ಹತ್ತು ಸಲ ಬರೆದು ಹೊಡೆದು ಹಾಕಿದ್ದೇನೆ. ಓದಿಲ್ಲವೇನೋ ಎಂಬ ಅನುಮಾನ ಇತ್ತು. ಎರಡು ಹೆಜ್ಜೆ ನಡೆದು ಬೀರು ತೆಗೆದರೆ ಗೊತ್ತಾಗುತ್ತಿತ್ತು. ತೆಗೆಯಲಿಲ್ಲ. ನನ್ನ ಕೆಲಸದ ಗುತ್ತಿಗೆ ಆ ತಿಂಗಳೇ ಮುಂದುವರಿಯಬೇಕಿತ್ತು, ಹೊಟ್ಟೆ ಎದುರಿಗಿತ್ತು, ನೀನು ಗಟ್ಟಿಗಿತ್ತಿ, ಹೇಗೋ ತಡೆದುಕೊಳ್ಳುತ್ತೀಯ ಅಂದುಕೊಂಡೆ. ನಿನ್ನ ಗಟ್ಟಿತನದ ಮೇಲೆ ನನ್ನ ಹೇಡಿತನವನ್ನು ಒರಗಿಸಿ ಕೂರಿಸಿದೆ.

ಇನ್ನು ಒಳ್ಳೆಯ ಸುದ್ದಿ. ಎದೆಯ ಮೇಲಿನ ಕಲ್ಲು ಇಳಿದ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಫೆಬ್ರವರಿಯ ಸ್ಫೋಟಕ್ಕೆ ಸರಿಯಾದ ಬಳೆಯನ್ನು 23ಕ್ಕೆ ಎಲ್ಲರಿಗೂ ಕಳಿಸಿದೆ, ಹಿಂದಿನದು ನನ್ನ ಲೆಕ್ಕದ ತಪ್ಪು ಎಂದು ಬರೆದು. ಬೆಳಕಿನ ಹೊಳಪು ಆರಿ ವಾರಗಳಾಗಿದ್ದವು. ಆದರೆ ರೇಡಿಯೋ ಅಲೆಯಲ್ಲಿ ಹುಡುಕುವವರು ಬಿಡಲಿಲ್ಲ. ಇವತ್ತು ಬೆಳಗ್ಗೆ ಉತ್ತರ ಬಂತು. ಇದೆಯಂತೆ! ಸಣ್ಣದಾಗಿ, ಉಸಿರು ಹಿಡಿದುಕೊಂಡು, ಹೊಸ ಬಳೆಯ ಗೆರೆಯ ಮೇಲೆಯೇ ಇನ್ನೂ ಹೊಳೆಯುತ್ತಿದೆಯಂತೆ. ನಿನ್ನ ನಾಲ್ಕು ಹತ್ತಾಂಶ ಸೆಕೆಂಡು ಇಲ್ಲದಿದ್ದರೆ ಸಿಗುತ್ತಲೇ ಇರಲಿಲ್ಲ.

ಅದನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸುತ್ತೋಲೆ ಪುಸ್ತಕ ಹಿಡಿದು ಮಧ್ಯಾಹ್ನ ಗುರುಗ್ರಹದ ಕೋಣೆಗೆ ಹೋದೆ.

"ಏನಮ್ಮ, ಮಗು ಹೇಗಿದೆ?"

"ಮಗು ಚೆನ್ನಾಗಿದೆ ಸಾರ್. ನಾನು ಸರಿ ಇಲ್ಲ" ಅಂದು ಎಲ್ಲ ಹೇಳಿದೆ. ಸೂರ್ಯನ ಬಳೆ ತೋರಿಸಿದೆ.

ಅದನ್ನು ಹತ್ತಿರಕ್ಕೆ ಎಳೆದುಕೊಂಡರು. "ಸೂರ್ಯ ಎಲ್ಲಿದ್ದಾನೆ ಅಂತ ನಿನ್ನ ಹಾಳೆಗೆ ಗೊತ್ತಿರಲಿಲ್ವಾ?"

"ಅದೂ ನನ್ನ ಹಾಗೇ ಸಾರ್. ಕೇಳಿದರೆ ನೆನಪಿಲ್ಲ ಅನ್ನುತ್ತೆ."

ನಗಲಿಲ್ಲ. ಪುಸ್ತಕದಲ್ಲಿ ನನ್ನ ಸಹಿಯ ಮೇಲಿನ ಸಾಲಿಗೆ ಬೆರಳಿಟ್ಟರು. ಎರಡನೆಯ ಸಹಿ ಅವರದ್ದೇ. ಓದಿದ್ದೇನೆ ಎಂದು ಅವರೂ ಹಾಕಿದ್ದಾರೆ, ನಿನ್ನನ್ನು ನಿಲ್ಲಿಸಿ ಕೇಳುವುದಕ್ಕೆ ಎರಡು ವಾರ ಮೊದಲು. ಅವರ ಕಿವಿ ಕೆಂಪಾದದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಇದೇ ಮೊದಲು.

"ನಾನೂ ಓದಿರಲಿಲ್ಲಮ್ಮ" ಅಂದರು ಕೊನೆಗೆ. "ಆ ಹುಡುಗಿ ಒಬ್ಬಳೇ ಸರಿಯಾಗಿ ಕೆಲಸ ಮಾಡಿದ್ದು. ಅವಳನ್ನೇ ಓಡಿಸಿದ್ವಿ."

ನನಗೆ ಮೂರು ತಿಂಗಳು ಪಾಳಿ ಇಲ್ಲ, ಶಿಕ್ಷೆ. "ರಾತ್ರಿ ಮಲಗು, ಆಮೇಲೆ ಬಾ" ಅಂದರು. ಇಂಥ ಶಿಕ್ಷೆಯನ್ನು ಇಷ್ಟು ದಿನ ಯಾಕೆ ಬೇಡಿಕೊಳ್ಳಲಿಲ್ಲವೋ! ಅತ್ತೆಗೆ ಹೇಳಿದರೆ "ಇನ್ನೊಂದು ತಪ್ಪು ಮಾಡಿ ಆರು ತಿಂಗಳು ಮಾಡಿಸ್ಕೋ" ಅಂದರು.

ಎರಡು ಸ್ಫೋಟಕ್ಕೂ ತಿದ್ದುಪಡಿ ಟಿಪ್ಪಣಿ ಬರೆದಿದ್ದೇನೆ. ನೌಕೆಯ ಗಡಿಯಾರದ ಅಂಕಿ ಸರಿಯಾಗಿತ್ತು, ಲೆಕ್ಕ ಹಾಕಿದವಳ ಹಾಳೆಯಲ್ಲಿ ತಪ್ಪಿತ್ತು ಎಂದು ಮೊದಲ ಸಾಲಿನಲ್ಲೇ ಇದೆ. ಗುರುಗ್ರಹ ಓದಿ ಸಹಿ ಹಾಕಿದರು. ಈ ಸಲ ಓದಿ.

ಆದರೆ ಆ ಕಾಗದ ಒಂದು ಉಳಿದಿದೆ. ಆಡಳಿತಾಧಿಕಾರಿ ಬೆಳಗ್ಗೆಯೇ ಹೊರಟುಬಿಟ್ಟಿದ್ದಾರೆ, ದಾರಿಯಲ್ಲಿ ಎರಡು ಕಡೆ ಕೆಲಸವಂತೆ, ಫೋನು ಸಿಗುತ್ತಿಲ್ಲ. "ನಾನು ಪ್ರಯತ್ನ ಮಾಡ್ತಾನೇ ಇರ್ತೀನಿ, ಆದರೆ ವರ್ಗ ಬೇಕು ಅಂತ ಅವಳೇ ಬರೆದುಕೊಟ್ಟುಬಿಟ್ಟರೆ ವಾಪಸ್ ತೆಗೆಸೋಕೆ ವರ್ಷ ಹಿಡಿಯುತ್ತೆ. ಸಹಿ ಹಾಕದ ಹಾಗೆ ನೋಡ್ಕೊ" ಅಂದರು ಗುರುಗ್ರಹ. ಮಧ್ಯಾಹ್ನದಿಂದ ನಿನಗೆ ಹದಿನಾರು ಸಲ ಫೋನ್ ಮಾಡಿದೆ. ನೀನು ಮಾತಿಗೆ ತಪ್ಪುವವಳಲ್ಲ, ಎತ್ತಲೇ ಇಲ್ಲ. ನಿಮ್ಮ ಕೇಂದ್ರದ ಪಾಳಿಯವರಿಗೆ ಹೇಳಿಸಿದರೆ, "ಅವರು ರಜೆ ಹಾಕಿ ವಸತಿಯಲ್ಲಿದ್ದಾರೆ, ಯಾರನ್ನೂ ಒಳಗೆ ಬಿಡ್ತಿಲ್ಲ" ಅಂದರು. ನನ್ನ ಪತ್ರಗಳನ್ನು ಮಾತ್ರ ತೆಗೆದುಕೊಳ್ಳುತ್ತೀಯಂತೆ. ವ್ಯಾನಿನ ಚಾಲಕರೇ ಹೇಳಿದರು. "ನಿಮ್ಮ ಕಾಗದ ಅಂದ್ರೆ ಬಾಗಿಲಲ್ಲೇ ನಿಂತು ಒಡೀತಾರಮ್ಮ, ಸಿಟ್ಟಲ್ಲೋ ಪ್ರೀತಿಲೋ ನಂಗೊತ್ತಿಲ್ಲ" ಅಂದರು.

ಸಿಟ್ಟಿನಲ್ಲೇ ಓದು. ಕ್ಷಮಿಸು ಎಂದು ಕೇಳುತ್ತಿಲ್ಲ, ಅದು ಒಂದು ಪತ್ರಕ್ಕೆ ಮುಗಿಯುವ ಮಾತಲ್ಲ. ನೀನು ಬೈಯಬೇಕು ಅಂತಿದ್ದರೆ ಆ ಹದಿನಾಲ್ಕು ತಿಂಗಳದ್ದನ್ನೂ ಕೂಡಿಸಿ ಬೈ. ಆದರೆ ಮಾಡದ ತಪ್ಪಿಗೆ ನಿನ್ನ ದುಂಡಗಿನ ಅಕ್ಷರದಲ್ಲಿ ಸಹಿ ಹಾಕಬೇಡ.

ಚಾಲಕರು ಹಾರ್ನ್ ಹೊಡೆಯುತ್ತಿದ್ದಾರೆ. ರಾತ್ರಿ ಹತ್ತರ ಒಳಗೆ ಇದು ನಿನ್ನ ಕೈಗೆ ಬರುತ್ತದೆ. ಟಿಪ್ಪಣಿಯ ಪ್ರತಿಯೂ ಲಕೋಟೆಯಲ್ಲಿದೆ. ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಹನ್ನೊಂದಕ್ಕೆ ಮಾಡು, ಎರಡಕ್ಕೆ ಮಾಡು, ಮಗು ಎದ್ದರೆ ಏಳಲಿ, ಅತ್ತೆ ಎದ್ದರೆ ಏಳಲಿ. "ಸಹಿ ಹಾಕಲ್ಲ" ಅಂತ ಎರಡು ಮಾತು ಹೇಳಿ ಇಟ್ಟುಬಿಡು, ಮೂರನೆಯದು ಬೇಡ. ಅಷ್ಟಾದರೂ ಸಾಕು, ನಾನು ನಿದ್ದೆ ಮಾಡುತ್ತೇನೆ. ದಮ್ಮಯ್ಯ ಕಣೇ, ಬೆಳಗಾಗುವ ಮೊದಲು ಒಂದು ಫೋನ್ ಮಾಡು.

ನಿನ್ನ
ಗೂಬೆ